ಅಟ್ಟದಿಂದಿಳಿದ ಪಡೆಗೆ ಬಣ್ಣ ಬಳಿಯುವ ಮುನ್ನ

ಪಿತೃಪಕ್ಷ ಮುಗಿಯುತ್ತಿದ್ದಂತೆ, ದಸರೆಯ ಗೊಂಬೆ ಕೂರಿಸಲೆಂದು, ಬೆಂಗಳೂರಿನ ಹೊಸಹಳ್ಳಿಯ ಹಳೆಯ ಮನೆಗಳಲ್ಲಿ ಅಟ್ಟದ ಬಾಗಿಲು ತೆರೆಯುತ್ತದೆ. ಸ್ಟೂಲಿನ ಮೇಲೆ ಒಬ್ಬರು, ಕೆಳಗೆ ಕೈಚಾಚಿ ನಿಂತವರು ಇಬ್ಬರು. ಮೊದಲು ತಗಡಿನ ಟ್ರಂಕು ಇಳಿಯುತ್ತದೆ, ಅದರ ಹಿಂದೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಹಳೇ ಪಂಚೆಯ ಚೂರುಗಳು, ಮುಟ್ಟಿದರೆ ಹರಿಯುವ ದಿನಪತ್ರಿಕೆ. ಒಂದೊಂದೇ ಸುತ್ತು ಬಿಚ್ಚಿದಂತೆ ರಾಜ ರಾಣಿಯರ ಪಟ್ಟದ ಗೊಂಬೆಗಳು, ದಶಾವತಾರ, ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ದಂಪತಿ ಹೊರಬರುತ್ತಾರೆ. ಕೊನೆಗೆ, ಪೆಟ್ಟಿಗೆಯ ತಳದಿಂದ, ಜಂಬೂಸವಾರಿಯ ಸೆಟ್ಟು.

ಅಂಬಾರಿ ಹೊತ್ತ ಆನೆ, ಕುದುರೆ ಸವಾರರು, ಬ್ಯಾಂಡಿನವರು, ಛತ್ರಿ ಚಾಮರ ಹಿಡಿದವರು, ಸಾಲು ಸಾಲು ಸಿಪಾಯಿಗಳು. ಒಬ್ಬನ ಬಂದೂಕು ಮುರಿದಿದೆ. ಇನ್ನೊಬ್ಬನ ಮೊಣಕೈಯಿಂದ ತುಕ್ಕು ಹಿಡಿದ ತಂತಿ ಇಣುಕುತ್ತಿದೆ. ಕೆಂಪು ಕೋಟು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಈ ಸಲ ಎಲ್ಲಕ್ಕೂ ಹೊಸದಾಗಿ ಬಣ್ಣ ಹೊಡೆದುಬಿಡೋಣ.’

ಆ ಮಾತಿಗೆ ತಕ್ಷಣ ಹೂಂ ಅನ್ನಬೇಡಿ. ಹಳೆಯ ಗೊಂಬೆಗೆ ಬಣ್ಣ ಹಾಕುವುದು ತಪ್ಪೇನಲ್ಲ. ಆದರೆ ಅದು ಕಟ್ಟಕಡೆಯ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದ್ದು ಬಹಳ ಇದೆ. ಅಷ್ಟನ್ನು ಸರಿಯಾಗಿ ಮಾಡಿದರೆ ಅನೇಕ ಸಲ ಕುಂಚ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಮೆಟ್ಟಿಲ ಮೇಲಿನ ಮೆರವಣಿಗೆ

ಸೇನೆಯನ್ನು ಪುಟ್ಟದಾಗಿಸಿ ಸಾಲುಗಟ್ಟಿಸಿ ನೋಡುವ ಆಸೆ ನಮ್ಮಲ್ಲಿ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಕಲ್ಲಿನಲ್ಲಿ ಆನೆ, ಕುದುರೆ, ಸಿಪಾಯಿ, ನರ್ತಕಿಯರ ಪಟ್ಟಿಕೆಗಳಿವೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಅದೇ ಮೆರವಣಿಗೆ ಸಾಲಿನ ಮೇಲೆ ಸಾಲಾಗಿ ಸಾಗುತ್ತದೆ. ವಿಜಯನಗರದ ಈ ಮಹಾನವಮಿ ಉತ್ಸವವನ್ನು ಮೈಸೂರಿನ ಅರಸ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅಲ್ಲಿಂದ ಅದು ಮೈಸೂರಿಗೆ ಬಂತು, ಮೈಸೂರಿನ ಅರಮನೆಯಿಂದ ಜನರ ಮನೆಯ ಗೊಂಬೆ ಮೆಟ್ಟಿಲಿಗೂ ಬಂತು.

ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ ಕಟ್ಟುವ ಆ ಮೆಟ್ಟಿಲುಗಳಲ್ಲಿ ಮೇಲಿನದು ದೇವರಿಗೂ ಪಟ್ಟದ ಗೊಂಬೆಗೂ ಮೀಸಲು. ಕೆಳಗಿನ ಸಾಲು ಲೋಕದ್ದು: ಮದುವೆ, ಸಂತೆ, ಹಳ್ಳಿ, ಕ್ರಿಕೆಟ್ ಮೈದಾನ, ಮತ್ತು ಜಂಬೂಸವಾರಿ. ಸಂಜೆ ಗೊಂಬೆಯ ಮುಂದೆ ಹಂಚುವ ಚರ್ಪಿನ ತಿಂಡಿಗಾಗಿ ಬರುವ ಬೀದಿಯ ಮಕ್ಕಳು ದಶಾವತಾರಕ್ಕೆ ಕೈಮುಗಿದು, ನಿಂತು ನೋಡುವುದು ಮಾತ್ರ ಈ ಸೇನೆಯನ್ನು.

ಜಂಬೂಸವಾರಿ ಸೆಟ್ಟಿನ ವಯಸ್ಸು ಗುರುತಿಸಲು ಅಂಬಾರಿಯೊಳಗೆ ಇಣುಕಿ ನೋಡಿ. 750 ಕೆ.ಜಿ. ತೂಕದ ಚಿನ್ನದ ಅಂಬಾರಿಯಲ್ಲಿ ಹಿಂದೆ ಮಹಾರಾಜರು ಕೂರುತ್ತಿದ್ದರು. ರಾಜಧನ ರದ್ದಾದ 1970ರ ದಶಕದ ಆರಂಭದ ಬದಲಾವಣೆಗಳ ನಂತರ ಅಲ್ಲಿ ಕೂತವಳು ತಾಯಿ ಚಾಮುಂಡೇಶ್ವರಿ. ನಿಮ್ಮ ಮನೆಯ ಆನೆಯ ಮೇಲೆ ದೇವಿಯಿದ್ದರೆ ಸೆಟ್ಟು ಆ ಕಾಲದ ಈಚಿನದು. ಪೇಟ ತೊಟ್ಟ ಮಹಾರಾಜರಿದ್ದರೆ ಅದು ಅಜ್ಜಿಯ ಕಾಲದ್ದಿರಬಹುದು. ಈಗಿನ ರೂಢಿಗೆ ಹೊಂದಲಿ ಎಂದು ಆ ಪುಟ್ಟ ಮಹಾರಾಜರನ್ನು ಕಿತ್ತು ದೇವಿಯನ್ನು ಕೂರಿಸುವ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಆ ಗೊಂಬೆ ತನ್ನ ಕಾಲದ ಸಾಕ್ಷಿ ಹೇಳುತ್ತಿದೆ.

ಸೀಸದ ಸಿಪಾಯಿಗಳ ಲೋಕ

ಹೊರದೇಶಗಳಲ್ಲಿ ಈ ಗೊಂಬೆ ಮೆರವಣಿಗೆಗೆ ಹತ್ತಿರದ ನೆಂಟನೊಬ್ಬನಿದ್ದಾನೆ. ಚರಿತ್ರೆಯ ಕದನಗಳನ್ನು ಮೇಜಿನ ಮೇಲೆ ಪುಟ್ಟ ಪ್ರತಿಮೆಗಳಿಂದ ಆಡುವ ಹವ್ಯಾಸ ಅದು. ನಮ್ಮ ಚತುರಂಗವೂ ಆನೆ, ಕುದುರೆ, ರಥ, ಕಾಲಾಳುಗಳ ಯುದ್ಧವೇ ತಾನೆ. ಪ್ರಷ್ಯದ ಸೇನೆ 1824ರ ಹೊತ್ತಿಗೆ ಅಧಿಕಾರಿಗಳ ತರಬೇತಿಗೆಂದೇ ನಕ್ಷೆಯ ಮೇಲೆ ಆಡುವ ಯುದ್ಧದಾಟವನ್ನು ಬಳಕೆಗೆ ತಂದಿತ್ತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಚಪ್ಪಟೆ ತವರದ ಸಿಪಾಯಿಗಳು ತಯಾರಾದವು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಅಗ್ಗವಾಗಿ ಮಾರತೊಡಗಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಕೋಣೆಯ ನೆಲದ ಮೇಲೆ ಆಡುವ ಈ ಯುದ್ಧಕ್ಕೆ ನಿಯಮಗಳನ್ನು ಕೊಟ್ಟ.

ಇವತ್ತು ಆ ಹವ್ಯಾಸಿಗಳು ಬಳಸುವ ಪ್ರತಿಮೆಯ ಸಾಮಾನ್ಯ ಎತ್ತರ 28 ಮಿ.ಮೀ., ಹೆಚ್ಚುಕಡಿಮೆ ಹೆಬ್ಬೆರಳ ಮೇಲಿನ ಗಿಣ್ಣಿನಷ್ಟು. ಇಪ್ಪತ್ತು ಮೂವತ್ತು ವರ್ಷ ಕೂಡಿಟ್ಟ ಪಡೆ ಮಾಸಿದಾಗ ಅವರೂ ನಮ್ಮ ಹಾಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ: ಎಲ್ಲವನ್ನೂ ಕೆರೆದು ಮೊದಲಿಂದ ಬಣ್ಣ ಹಾಕುವುದೋ, ಇದ್ದುದನ್ನೇ ಚುರುಕುಗೊಳಿಸುವುದೋ? ಪಳಗಿದವರ ಆಯ್ಕೆ ಹೆಚ್ಚಾಗಿ ಎರಡನೆಯದು. ಅವರ ಕೈಚಳಕದಲ್ಲಿ ನಮ್ಮ ಗೊಂಬೆಗಳಿಗೂ ಒಗ್ಗುವಂಥದ್ದು ಸಾಕಷ್ಟಿದೆ.

ಮೊದಲು ಮೈ ಯಾವುದು ನೋಡಿ

ಒಂದೇ ಟ್ರಂಕಿನಲ್ಲಿ ಐದಾರು ಬಗೆಯ ಗೊಂಬೆಗಳಿರುತ್ತವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಒರೆಸುವ ಬಟ್ಟೆ ಹಿಡಿಯುವ ಮುನ್ನ ಗೊಂಬೆಯನ್ನು ತಲೆಕೆಳಗು ಮಾಡಿ, ಬಣ್ಣ ತಾಗದ ತಳವನ್ನು ನೋಡಬೇಕು.

ಪಟ್ಟದ ಗೊಂಬೆ ರಕ್ತಚಂದನದ್ದಾದರೆ ತಳದಲ್ಲಿ ಕಡುಗೆಂಪು ಮರ ಕಾಣುತ್ತದೆ. ಮೃದುವಾದ ಒಣ ಬಟ್ಟೆಯಲ್ಲಿ ಧೂಳು ತೆಗೆದು ಹೊಸ ಸೀರೆ ಪಂಚೆ ಉಡಿಸಿದರೆ ಮುಗಿಯಿತು. ಮಗಳ ಮದುವೆಯಲ್ಲಿ ಕೊಟ್ಟ ಆ ಜೋಡಿಗೆ ಎನಾಮಲ್ ಬಳಿದು ಹೊಳೆಯಿಸಿದ್ದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಚನ್ನಪಟ್ಟಣದ ಗೊಂಬೆಯ ಕಥೆಯೇ ಬೇರೆ. ಆಲೆ ಮರವನ್ನು ತಿರುಗಣೆಗೆ ಸಿಕ್ಕಿಸಿ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಮೆರುಗು ಕೊಡುತ್ತಾರೆ. ಅಂದರೆ ಅದರ ಮೈಬಣ್ಣ ಕುಂಚದಿಂದ ಬಳಿದದ್ದಲ್ಲ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಸ್ಯಾನಿಟೈಸರಿನಲ್ಲಿ ಇರುವುದು ಅದೇ ಆಲ್ಕೋಹಾಲು. ಅದರಲ್ಲಿ ಒರೆಸಿದರೆ ಗೊಂಬೆಯ ಬಣ್ಣ ಬಟ್ಟೆಗೆ ಬರುತ್ತದೆ. ಅದರ ಬದಲು ಒಣ ಹತ್ತಿಬಟ್ಟೆಯಲ್ಲಿ ಸ್ವಲ್ಪ ಜೋರಾಗಿ ಉಜ್ಜಿ. ಮಾಸಿದ ಮೆರುಗು ಬಹುಪಾಲು ವಾಪಸು ಬರುತ್ತದೆ.

ಕೊಪ್ಪಳದ ಕಿನ್ನಾಳದ ಗೊಂಬೆ ಇನ್ನೂ ಸೂಕ್ಷ್ಮ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಸೆಣಬಿನ ಪುಡಿಯಿಂದ ಮೈ ತುಂಬುತ್ತಾರೆ. ಆ ಅಂಟು ನೀರನ್ನು ಕಂಡರೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಹತ್ತಿರ ತರಲೇಬಾರದು.

ಮಣ್ಣಿನ ಗೊಂಬೆಗಳಲ್ಲಿ ಸುಟ್ಟದ್ದೂ ಇದೆ, ಬರೀ ಒಣಗಿಸಿದ್ದೂ ಇದೆ. ಜಂಬೂಸವಾರಿಯ ಸಿಪಾಯಿಗಳಲ್ಲಿ ಬಹಳಷ್ಟು ಎರಡು ಹೋಳಿನ ಅಚ್ಚಿನಲ್ಲಿ ಒತ್ತಿ ತೆಗೆದ ಮಣ್ಣಿನವು. ತಳದ ಮೂಲೆಗೆ ಒಂದು ಹನಿ ನೀರು ಬಿಟ್ಟು ಬೆರಳಾಡಿಸಿ. ಬೆರಳಿಗೆ ಕೆಸರು ಹತ್ತಿದರೆ ಅದು ಸುಡದ ಮಣ್ಣು. ಬಣ್ಣದ ಪರೀಕ್ಷೆಯೂ ಹೀಗೆಯೇ. ಹಿಂಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಒದ್ದೆ ಹತ್ತಿಕಡ್ಡಿಯನ್ನು ಮೆಲ್ಲಗೆ ಉರುಳಿಸಿ. ಹತ್ತಿಗೆ ಬಣ್ಣ ಬಂದರೆ ಅದು ಗೋಂದಿನಲ್ಲಿ ಕಲಸಿದ ಹಳೆಯ ಪುಡಿ ಬಣ್ಣ. ಅಂಥದ್ದಕ್ಕೆ ಒಣ ಕುಂಚದಿಂದ ಧೂಳು ಕೊಡವುವುದಷ್ಟೇ ಚಿಕಿತ್ಸೆ.

ಬೆಂಗಳೂರಿನ ಕೆಲವು ಮನೆಗಳಲ್ಲಿ ದಂಡಿನ ಕಾಲದ ಸೀಸದ ಸಿಪಾಯಿಗಳೂ ಸಿಗುವುದುಂಟು. ಬ್ರಿಟನ್ಸ್ ಕಂಪನಿ ಸೀಸದ ಎರಕ ನಿಲ್ಲಿಸಿದ್ದು 1966ರಲ್ಲಿ. ಅವುಗಳ ಮೇಲೆ ಬೂದಿಯಂಥ ಬಿಳಿ ಪುಡಿ ಕಂಡರೆ ಸೀಸ ಕೊಳೆಯುತ್ತಿದೆ ಎಂದರ್ಥ. ಮರದ ಮುಚ್ಚಿದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿಯೇ ಅದಕ್ಕೆ ಮುಖ್ಯ ಕಾರಣ. ಇವನ್ನು ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ.

ಹಳದಿಗೊಂಡ ಬಿಳುಪು, ಹೂತುಹೋದ ಮೀಸೆ

ಮಣ್ಣಿನ ಸಿಪಾಯಿಯೊಬ್ಬನ ಹಿಮ್ಮಡಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದೇನೆ. ಬಣ್ಣ ಕಿತ್ತುಬಂದ ಜಾಗದ ಅಂಚು ಪದರ ಪದರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಹೊಳೆಯುವ ಎನಾಮಲ್ ಕೆಂಪು. ಅದರ ಕೆಳಗೆ ಇನ್ನೊಂದು ಕೆಂಪು, ಸ್ವಲ್ಪ ಕಿತ್ತಳೆಯ ಕಡೆಗೆ ವಾಲಿದ್ದು, ಹೊಳಪಿಲ್ಲದ್ದು. ಅದರಡಿ ಸುಣ್ಣದಂಥ ಬಿಳಿ ಲೇಪ. ಆಮೇಲೆ ಮಣ್ಣು. ಮೂಲ ಕುಶಲಕರ್ಮಿ ಹಾಕಿದ್ದು ಆ ಮಂಕಾದ ಕಿತ್ತಳೆ ಕೆಂಪು. ಮೇಲಿನದು ಯಾವುದೋ ದಸರೆಯ ಹಿಂದಿನ ರಾತ್ರಿ ಮನೆಯವರು ಅವಸರದಲ್ಲಿ ಬಳಿದದ್ದು.

ಆ ಮೇಲಿನ ಪದರದಿಂದ ಆದ ಹಾನಿ ಮುಖದಲ್ಲಿ ತಿಳಿಯುತ್ತದೆ. ಅಚ್ಚಿನಲ್ಲಿ ಮೂಡಿದ್ದ ರೆಪ್ಪೆಯ ಏಣು, ಮೀಸೆಯ ತಿರುವು, ಪೇಟದ ಮಡಿಕೆ ಎಲ್ಲ ದಪ್ಪ ಎನಾಮಲಿನಡಿ ಹೂತುಹೋಗಿವೆ. ಎರಡಂಗುಲದ ಮುಖದಲ್ಲಿ ಕೂದಲೆಳೆಯಷ್ಟು ಬಣ್ಣವೂ ದಪ್ಪವೇ. ಇನ್ನೊಂದು ಪದರ ಹಾಕಿದರೆ ಈ ಸಿಪಾಯಿಗೂ ಪಕ್ಕದ ಸಿಪಾಯಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಎನಾಮಲಿಗೆ ಇನ್ನೆರಡು ದೋಷಗಳಿವೆ. ಮಣ್ಣು ತೇವವನ್ನು ಎಳೆದುಕೊಂಡು ಬಿಡುತ್ತಿರುತ್ತದೆ. ಅದರ ಮೇಲೆ ಎಣ್ಣೆ ಬಣ್ಣದ ಗಟ್ಟಿ ಪೊರೆ ಕೂತರೆ ತೇವಕ್ಕೆ ದಾರಿಯಿಲ್ಲದೆ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಎರಡನೆಯದು, ಎಣ್ಣೆ ಬಣ್ಣದ ಬಿಳುಪು ಕತ್ತಲಲ್ಲಿ ಹಳದಿಗೊಳ್ಳುತ್ತದೆ. ವರ್ಷವಿಡೀ ಟ್ರಂಕಿನಲ್ಲಿದ್ದ ಬಿಳಿ ಕುದುರೆ ಹಳದಿಯಾಗಿ ಹೊರಬರುವುದು ಕೊಳೆಯಿಂದಲ್ಲ. ಹಬ್ಬಕ್ಕೆ ಮುಂಚೆ ಕೆಲವು ದಿನ ನೇರ ಬಿಸಿಲು ಬೀಳದ, ಬೆಳಕಿರುವ ಕೋಣೆಯಲ್ಲಿ ಇಟ್ಟರೆ ಆ ಹಳದಿ ಕೊಂಚ ತಾನಾಗಿಯೇ ಇಳಿಯುವುದುಂಟು.

ಹಳೆಯ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆಯುವ ಕೆಲಸಕ್ಕಂತೂ ಕೈಹಾಕಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಕೆಂಪು, ಹಳದಿ ಎನಾಮಲುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು.

ಕೋಟಿನ ಬಣ್ಣ ಯಾವುದಿತ್ತು?

ಬಣ್ಣ ಪೂರ್ತಿ ಹೋಗಿರುವ ಕಡೆ ಹಾಕಲೇಬೇಕು, ಸರಿ. ಯಾವ ಬಣ್ಣ? ಮೊದಲ ಉತ್ತರ ಗೊಂಬೆಯಲ್ಲೇ ಸಿಗುತ್ತದೆ. ಕಂಕುಳ, ಕೋಟಿನ ಮಡಿಕೆಯ ಒಳಭಾಗ, ಕುದುರೆ ಜೀನಿನ ಅಡಿ ಇಲ್ಲೆಲ್ಲ ಬೆಳಕೂ ಕೈಯೂ ತಾಗದೆ ಹಳೆಯ ಬಣ್ಣ ಹಾಗೆಯೇ ಉಳಿದಿರುತ್ತದೆ.

ಅಲ್ಲೂ ಸಿಗದಿದ್ದರೆ ಮೈಸೂರು ಅರಮನೆಯ ಕಲ್ಯಾಣಮಂಟಪಕ್ಕೆ ಹೋಗಿ. ಅದರ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ಆನೆಗಳ ಝೂಲು, ಅಶ್ವದಳ, ಪದಾತಿ, ಬ್ಯಾಂಡು, ಪರಿವಾರದವರು ಎಲ್ಲರೂ ಅಲ್ಲಿದ್ದಾರೆ. ಆಸ್ಥಾನದ ಚಿತ್ರಕಾರರು 1934ರಿಂದ 1945ರ ನಡುವೆ, ನಿಜವಾದ ಮೆರವಣಿಗೆಗಳ ಫೋಟೊಗಳನ್ನು ಆಧರಿಸಿ ಬರೆದ ಕೃತಿಗಳು ಅವು. ಪ್ರವಾಸಿಗಳು ಎರಡು ನಿಮಿಷದಲ್ಲಿ ದಾಟಿಹೋಗುವ ಆ ಗೋಡೆಗಳ ಮುಂದೆ ಗೊಂಬೆ ಕೂರಿಸುವ ಮನೆಯವರು ಒಂದು ಗಂಟೆ ನಿಲ್ಲಬೇಕು. ಯಾರ ಪೇಟಕ್ಕೆ ಯಾವ ಅಂಚು, ಯಾರ ಸೊಂಟಕ್ಕೆ ಯಾವ ಪಟ್ಟಿ ಎಂಬುದಕ್ಕೆ ಅಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ.

ಸೆಟ್ಟಿನಲ್ಲಿ ಈಟಿ ಹಿಡಿದ ಸವಾರರಿದ್ದರೆ ಅವರ ಹಿಂದೆ ಇನ್ನೊಂದು ಚರಿತ್ರೆಯಿದೆ. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣದ ಮೇಲೆ ದಾಳಿ ಮಾಡಿ ಗೆದ್ದಿತ್ತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ನಿಂತಿರುವುದು ಮೈಸೂರು, ಜೋಧಪುರ, ಹೈದರಾಬಾದಿನ ಸವಾರರ ನೆನಪಿಗೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೆಟ್ಟಿಲ ಮೇಲಿನ ಕುದುರೆ ಸವಾರನನ್ನು ತೋರಿಸಿ ಇದನ್ನು ಮಕ್ಕಳಿಗೆ ಹೇಳಬಹುದು.

ಮರುಬಣ್ಣದಿಂದ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಕಣ್ಣೆದುರಿನ ಉದಾಹರಣೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ದೃಶ್ಯ ಅಲ್ಲಿನ ಪಶ್ಚಿಮದ ಗೋಡೆಯ ಮೇಲಿದೆ. ಸಾಲುಸಾಲು ಕುದುರೆಗಳು, ಪಲ್ಲಕ್ಕಿಯಲ್ಲಿ ಕೂತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಚಿತ್ರ ಬಹುತೇಕ ಅಳಿಸಿಹೋಗಿತ್ತು. 1855ರಲ್ಲಿ ಮೈಸೂರಿಗೆ ಬಂದ ಲಾರ್ಡ್ ಡಾಲ್‌ಹೌಸಿ, ಮೂಲವನ್ನು ಬಲ್ಲ ಸ್ಥಳೀಯ ಕಲಾವಿದನೊಬ್ಬನಿಂದ ನೆನಪಿನ ಮೇಲೆ ಅದನ್ನು ಮತ್ತೆ ಬರೆಸಿದ. ಆ ಕಲಾವಿದ ಇಲ್ಲದಿದ್ದರೆ ನಮಗೆ ಆ ಚಿತ್ರವೇ ಇರುತ್ತಿರಲಿಲ್ಲ. ಆದರೆ ನಾವು ಇವತ್ತು ಕಾಣುವ ಎಷ್ಟು ಬಣ್ಣ ಟಿಪ್ಪುವಿನ ಕಾಲದ್ದು, ಎಷ್ಟು ಆ ನೆನಪಿನದು ಎಂದು ಬೇರ್ಪಡಿಸುವುದು ಬಲುಕಷ್ಟ. ಮನೆಯ ಗೊಂಬೆಯಲ್ಲಿ ಈ ಗೊಂದಲ ತಪ್ಪಿಸಲು ಸುಲಭದ ದಾರಿಯಿದೆ. ಕೈಹಾಕುವ ಮುನ್ನ ನಾಲ್ಕೂ ಕಡೆಯಿಂದ ಹಗಲು ಬೆಳಕಿನಲ್ಲಿ ಒಂದೊಂದು ಫೋಟೊ ತೆಗೆದಿಡಿ.

ಕುಂಚ ಹಿಡಿದ ಮೇಲೆ

ಮುರಿದದ್ದನ್ನು ಮೊದಲು ಕೂಡಿಸಬೇಕು. ಕೈಕಾಲಿಗೆ ಫೆವಿಕಾಲ್ ಸಾಕು. ಸಂದು ದೊಡ್ಡದಿದ್ದರೆ ಅದಕ್ಕೇ ಜರಡಿ ಹಿಡಿದ ಮಣ್ಣಿನ ಪುಡಿ ಕಲಸಿ ತುಂಬಬಹುದು. ಎಂ-ಸೀಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ನಿಜ. ಆದರೆ ಮುಂದೆ ಯಾರಾದರೂ ಬಿಡಿಸಿ ಸರಿಪಡಿಸಬೇಕೆಂದರೆ ಪಕ್ಕದ ಮಣ್ಣೂ ಕಿತ್ತುಬರುತ್ತದೆ. ಹೋದ ಬಂದೂಕು, ಈಟಿ, ಛತ್ರಿಯ ಕೋಲಿಗೆ ಬಿದಿರಿನ ಸೀಳು ಒಳ್ಳೆಯದು. ತುಕ್ಕು ತಂತಿಯನ್ನು ಹಾಗೆಯೇ ಮುಚ್ಚಬೇಡಿ, ತುಕ್ಕು ಕೆರೆದು ಒಣಗಿಸಿದ ಮೇಲೆ ಮುಚ್ಚಿ.

ಸುಟ್ಟ ಮಣ್ಣಿನ ಗೊಂಬೆಗೆ ಹೊಳಪಿಲ್ಲದ ಅಕ್ರಿಲಿಕ್ ಬಣ್ಣ ಹೊಂದುತ್ತದೆ. ನೀರಿನಲ್ಲಿ ತೆಳುವಾಗಿ ಕಲಸಿ, ಒಂದು ದಪ್ಪ ಲೇಪದ ಬದಲು ಎರಡು ತೆಳು ಲೇಪ ಕೊಡಿ. ಬಣ್ಣ ಹೋದ ಮಚ್ಚೆಯ ಒಳಗೆ ಮಾತ್ರ ತುಂಬಿ, ಸುತ್ತಲಿನ ಹಳೆಯ ಬಣ್ಣದ ಮೇಲೆ ಹತ್ತಿಸಬೇಡಿ. ಅಂಗಡಿಯ ಡಬ್ಬಿಯ ಕೆಂಪನ್ನು ನೇರ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಚಿಟಿಕೆ ಕಂದು ಬೆರೆಸಿ ಹಳೆಯದಕ್ಕೆ ಹೊಂದಿಸಿಕೊಳ್ಳಬೇಕು.

ಪುಟ್ಟ ಪ್ರತಿಮೆಗೆ ಬಣ್ಣ ಹಾಕುವವರ ಮುಖ್ಯ ಗುಟ್ಟು ಇಲ್ಲಿದೆ. ನಿಜವಾದ ಮನುಷ್ಯನ ಕೋಟಿನ ಮಡಿಕೆಯಲ್ಲಿ ನೆರಳು ತಾನಾಗಿ ಬೀಳುತ್ತದೆ. ಗೇಣುದ್ದದ ಗೊಂಬೆಯ ಮಡಿಕೆ ಅಷ್ಟು ಆಳವಿರುವುದಿಲ್ಲ, ನೆರಳು ಸಾಲುವುದಿಲ್ಲ. ಅದಕ್ಕಾಗಿ ನೆರಳನ್ನೂ ಬರೆಯಬೇಕಾಗುತ್ತದೆ. ಕಂದು ಬಣ್ಣವನ್ನು ನೀರಿನಷ್ಟು ತೆಳುಮಾಡಿ ಹರಿಯಬಿಟ್ಟರೆ ಅದು ತಗ್ಗಿನಲ್ಲಿ ನಿಂತು ಮಡಿಕೆ, ಗುಂಡಿ, ಬೆರಳ ಸಂದುಗಳನ್ನು ಎತ್ತಿ ತೋರಿಸುತ್ತದೆ. ಒಣಗಿದ ಮೇಲೆ ಉಬ್ಬಿದ ಕಡೆ ತುಸು ತಿಳಿಬಣ್ಣದ ಕುಂಚವನ್ನು ಸವರಬೇಕು. ಬಣ್ಣ ಹೋಗದೆ ಬರೀ ಮಂಕಾದ ಸಿಪಾಯಿಗೆ ಈ ತೆಳು ಹರಿವೊಂದೇ ಸಾಕು, ಮುಖ ಮತ್ತೆ ಮಾತಾಡುತ್ತದೆ. ಸುಡದ ಮಣ್ಣು, ಪುಡಿ ಬಣ್ಣದ ಗೊಂಬೆಗಳಿಗೆ ಮಾತ್ರ ಇದು ಸಲ್ಲದು.

ಕಣ್ಣು ಕೊನೆಗೆ. ನಮ್ಮ ಶಿಲ್ಪಿಗಳೂ ಚಿತ್ರಗಾರರೂ ಕಣ್ಣು ತೆರೆಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳುವುದು ಶಾಸ್ತ್ರದ ಮಾತು. ಕೈಕೆಲಸದ ಲೆಕ್ಕದಲ್ಲೂ ಅದೇ ಸರಿ, ಅಷ್ಟು ಹೊತ್ತಿಗೆ ಕೈ ಹದಕ್ಕೆ ಬಂದಿರುತ್ತದೆ. ಬಿಳಿಯ ಸಣ್ಣ ಗೀಟು ಎಳೆದು, ನಡುವೆ ಕಪ್ಪು ಚುಕ್ಕೆ ಇಟ್ಟು, ಅಂಚು ದಾಟಿದ್ದನ್ನು ಮೈಬಣ್ಣದಿಂದ ಸುತ್ತ ಸರಿಪಡಿಸಿ. ಕುಂಚ ಸಣ್ಣದಿರುವುದಕ್ಕಿಂತ ಅದರ ಮೊನೆ ಚೂಪಾಗಿರುವುದು ಮುಖ್ಯ. ಮೂಲದ ಕಣ್ಣು ಅರ್ಧ ಉಳಿದಿದ್ದರೂ ಅದನ್ನು ಮುಟ್ಟದಿರುವುದೇ ಲೇಸು. ಆ ಗೆರೆಯನ್ನು ಒಂದೇ ಬೀಸಿಗೆ ಎಳೆದ ಕೈ ದಿನಕ್ಕೆ ನೂರಾರು ಗೊಂಬೆಗಳ ಕಣ್ಣು ತೆರೆಸಿದ ಕೈ.

ಮತ್ತೆ ಅಟ್ಟಕ್ಕೆ

ಹಾನಿ ಹೆಚ್ಚು ಆಗುವುದು ಹಬ್ಬದ ಹತ್ತು ದಿನಗಳಲ್ಲಲ್ಲ, ಮಿಕ್ಕ ದಿನಗಳಲ್ಲಿ. ತಾರಸಿಯಡಿಯ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಕಾವಿಗೆ ಅರಗು ಮೆತ್ತಗಾಗಿ ಸುತ್ತಿದ ಪತ್ರಿಕೆಯ ಅಕ್ಷರಗಳು ಚನ್ನಪಟ್ಟಣದ ಗೊಂಬೆಯ ಮೈಮೇಲೆ ಅಚ್ಚಾಗುವುದನ್ನು ಅನೇಕರು ಕಂಡಿರಬಹುದು. ಪತ್ರಿಕೆ, ಪ್ಲಾಸ್ಟಿಕ್ ಚೀಲ ಎರಡೂ ಬೇಡ. ಒಗೆದು ಒಣಗಿಸಿದ ಹಳೇ ಹತ್ತಿ ಪಂಚೆಗಿಂತ ಒಳ್ಳೆಯ ಹೊದಿಕೆಯಿಲ್ಲ. ನುಸಿಗುಳಿಗೆಯನ್ನು ಗೊಂಬೆಗೆ ತಾಗದಂತೆ ಬಟ್ಟೆಯ ಗಂಟಿನಲ್ಲಿ ಇಡಿ. ಸಾಧ್ಯವಾದರೆ ಅಟ್ಟದ ಬದಲು ಬೀರುವಿನ ಕೆಳಗಿನ ಖಾನೆಗೆ ತನ್ನಿ.

ನಮ್ಮ ಹೊಸಹಳ್ಳಿ, ವಿಜಯನಗರ, ಗೋವಿಂದರಾಜನಗರ ಬಡಾವಣೆಗಳ ಒಂಟಿ ಮನೆಗಳು ಈಗ ಅಪಾರ್ಟ್‌ಮೆಂಟುಗಳಾಗುತ್ತಿವೆ. ಅಟ್ಟವಿಲ್ಲದ ಮನೆಗೆ ಹೋಗುವಾಗ ಗೊಂಬೆಗಳು ಅಕ್ಕತಂಗಿಯರ ನಡುವೆ ಹಂಚಿಹೋಗುತ್ತವೆ. ಆನೆ ಒಂದು ಮನೆಗೆ, ಸಿಪಾಯಿಗಳು ಇನ್ನೊಂದಕ್ಕೆ. ದಯವಿಟ್ಟು ಜಂಬೂಸವಾರಿಯ ಸೆಟ್ಟನ್ನು ಒಡೆಯಬೇಡಿ. ಯಾರಿಗೆ ಕೊಟ್ಟರೂ ಇಡಿಯಾಗಿ ಕೊಡಿ.

ಈ ವರ್ಷ ಮಹಾಲಯ ಅಮಾವಾಸ್ಯೆಯ ರಾತ್ರಿಗೆ ಕಾಯದೆ ಶ್ರಾವಣದಲ್ಲೇ ಪೆಟ್ಟಿಗೆ ಇಳಿಸಿ. ಒಂದು ವಾರ ಧೂಳು ತೆಗೆಯುವುದಕ್ಕೆ, ಒಂದು ವಾರ ಮುರಿದದ್ದನ್ನು ಕೂಡಿಸುವುದಕ್ಕೆ ಇಟ್ಟುಕೊಳ್ಳಿ. ಬಣ್ಣದ ಡಬ್ಬಿ ಕೊಳ್ಳಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ತೀರ್ಮಾನಿಸಿ. ಗೊಂಬೆ ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ವರ್ಷ ಎಲ್ಲಿ ಬಣ್ಣ ಹಾಕಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡಿ. ಅದನ್ನು ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ.